ಮಂಗಳೂರಿನಲ್ಲಿ ಮಲೇರಿಯಾಕ್ಕೆ ಈಗ ಡಿಡಿಟಿ ಯಾಕೆ ಹೊಡೆಯುವುದಿಲ್ಲ?

ಮೊದಲೆಲ್ಲ ಮನೆಮನೆಗೆ ಬಂದು ಡಿಡಿಟಿ ಹೊಡೆಯುತ್ತಿದ್ದರು, ಈಗ ಯಾಕಿಲ್ಲ ಅಂತ ಕೇಳಿದ್ದೀರಿ. ನನಗೆ ಉಡುಪಿ ಕಡೆಯ ಅಜ್ಜಿಮನೆ ನೆನಪಾಯಿತು. ಪಂಪು ಹಿಡಿದು ಬಂದವರು ಹೊಡೆದು ಹೋದರೆ ಮಣ್ಣಿನ ಗೋಡೆ ತುಂಬ ಬಿಳಿ ಕಲೆ. ಅಜ್ಜಿಗೆ ಅದು ಕಣ್ಣಿಗಾಗದು. ಎರಡೇ ದಿನಕ್ಕೆ ಕೆಮ್ಮಣ್ಣು ಬಳಿದು ಮುಚ್ಚಿಬಿಡುತ್ತಿದ್ದರು. ಆ ಬಿಳಿ ಕಲೆಯೇ ಮದ್ದು, ಸೊಳ್ಳೆ ಅದರ ಮೇಲೆ ಕೂತರೇ ಸಾಯುವುದು ಅಂತ ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ಡಿಡಿಟಿ ಕೆಲಸ ಮಾಡಿದ್ದು ಸುಳ್ಳಲ್ಲ. 1947ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು. 1965ರ ಹೊತ್ತಿಗೆ ಅದು 1 ಲಕ್ಷಕ್ಕೆ ಇಳಿಯಿತು. ಆದರೆ 1976ರಲ್ಲಿ ಮತ್ತೆ 64 ಲಕ್ಷ! ಕಾರಣ ಹಲವು. ಸೊಳ್ಳೆಗಳಿಗೆ ಮದ್ದು ನಾಟದೇ ಹೋದದ್ದು ಅದರಲ್ಲಿ ದೊಡ್ಡದು.

ಇನ್ನು ನಮ್ಮ ಪೇಟೆಯಲ್ಲಿ ಮಲೇರಿಯಾ ಹರಡುವ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ. ಇದಕ್ಕೆ ಚರಂಡಿ ಬೇಡ, ಒಳ್ಳೆ ನೀರೇ ಬೇಕು. ಬಾವಿ, ಟೆರೇಸಿನ ಟ್ಯಾಂಕಿ, ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು. ನನಗೆ ಮಲೇರಿಯಾ ಬಂದಾಗ ಪಕ್ಕದಲ್ಲೇ ಒಂದು ಕಟ್ಟಡ ಏಳುತ್ತಿತ್ತು. 14 ದಿನದ ಮಾತ್ರೆ ಮುಗಿಸಿ ಮೇಲೆ ಹತ್ತಿ ನೋಡಿದೆ. ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ಸಣ್ಣ ಸಣ್ಣ ಹುಳುಗಳು ಅಡ್ಡ ಮಲಗಿದ್ದವು. ಬೇರೆ ಸೊಳ್ಳೆಯ ಹುಳುಗಳಾದರೆ ತಲೆಕೆಳಗಾಗಿ ನೇತಾಡುತ್ತವೆ. ಅಡ್ಡ ಮಲಗಿದ್ದರೆ ಮಲೇರಿಯಾ ಸೊಳ್ಳೆಯ ಜಾತಿ ಅಂತಲೇ ಲೆಕ್ಕ. ಇಲ್ಲಿ ನೀರು ಚೆಲ್ಲದೆ ಸುಮ್ನೆ ಗೋಡೆಗೆ ಮದ್ದು ಹೊಡೆದು ಏನು ಪ್ರಯೋಜನ, ಅಲ್ವಾ?

ಡಿಡಿಟಿಯ ದೊಡ್ಡ ತಕರಾರು ಬೇರೆಯೇ ಇದೆ. ಅದು ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಹಕ್ಕಿಗೆ, ನಮಗೆ. ಮೇಲೆ ಹೋದಷ್ಟೂ ಜಾಸ್ತಿ. ಅಮೆರಿಕದಲ್ಲಿ ಹದ್ದುಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ತಾಯಿ ಕಾವಿಗೆ ಕೂತರೆ ಒಡೆಯುತ್ತಿತ್ತು. ಎದೆಹಾಲಿನಲ್ಲೂ ಸಿಕ್ಕಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಬೆಳೆಗೆ ಹೊಡೆಯುವುದನ್ನು 1989ರಲ್ಲೇ ನಿಲ್ಲಿಸಿದರು. ರೋಗ ಹರಡುವ ಕೀಟಗಳಿಗೆ ಮಾತ್ರ ವಿನಾಯಿತಿ ಉಳಿಯಿತು, ಅದೂ ಹೆಚ್ಚಾಗಿ ಹಳ್ಳಿ ಕಡೆ.

ನಾನು ಮಾಡುವುದು ಇಷ್ಟೇ. ವಾರಕ್ಕೊಮ್ಮೆ ಟ್ಯಾಂಕಿಯ ಮುಚ್ಚಳ ನೋಡುತ್ತೇನೆ. ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಅಮ್ಮ ಮಾತ್ರ ದಿನಾ ಅವಕ್ಕೆ ಅನ್ನದ ಅಗುಳು ಹಾಕುತ್ತಾರೆ. ಹೊಟ್ಟೆ ತುಂಬಿದರೆ ಅವು ಹುಳು ತಿನ್ನುತ್ತವಾ ಅಂದರೆ ಕೇಳುವುದಿಲ್ಲ.