ಅಡಿಕೆಗೆ ಬಿಡುವ ಬೋರ್ಡೋ ಮದ್ದಿಗೂ ವೈನಿಗೂ ಏನು ಸಂಬಂಧ? ಸಾವಯವ ವೈನ್ ತೋಟದಲ್ಲೂ ಅದನ್ನು ಬಳಸುತ್ತಾರಾ?

ಬಳಸುತ್ತಾರೆ. ಆ ಮದ್ದು ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ಹಣ್ಣನ್ನು ಯಾರೂ ಕದಿಯದಿರಲಿ ಅಂತ ಬಳ್ಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಎರಚುತ್ತಿದ್ದರು. ರೋಗ ಬಂದು ಬೇರೆ ಬಳ್ಳಿಗಳ ಎಲೆ ಉದುರಿದರೂ ಇವು ಹಸಿರಾಗಿಯೇ ಇದ್ದವು. 1882ರಲ್ಲಿ ಇದನ್ನು ಗಮನಿಸಿದ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು.

ಉಡುಪಿ ಜಿಲ್ಲೆಯ ಕಾರ್ಕಳದ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಮಳೆಗೆ ಮೊದಲು ಬಿಡುವುದೂ ಅದನ್ನೇ. 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಅಪ್ಪ ಆ ನೀಲಿ ನೀರಿಗೆ ಕತ್ತಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ.

ತೊಂದರೆ ಇರುವುದು ತಾಮ್ರದಲ್ಲಿ. ಒಂದು ಕಿಲೋ ಮೈಲುತುತ್ತಿನಲ್ಲಿ ತಾಮ್ರವೇ ಸುಮಾರು 250 ಗ್ರಾಂ. ಅದು ಕೊಳೆತು ಹೋಗುವ ವಸ್ತು ಅಲ್ವಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಜಾಸ್ತಿಯಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕಷ್ಟ. ಅದಕ್ಕೇ ಐರೋಪ್ಯ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಅಂತ ಮಿತಿ ಹಾಕಿದೆ. ಸಾವಯವ ತೋಟಕ್ಕೂ ಇದೇ ಲೆಕ್ಕ. ಹಾಗಾಗಿ ಸಾವಯವ ಅಂದಾಕ್ಷಣ ಮಣ್ಣಿಗೆ ಏನೂ ಆಗಲ್ಲ ಅಂತ ಸುಮ್ನೆ ನಂಬಬೇಡಿ. ಅಲ್ಲಿನ ಹಲವು ಬೆಳೆಗಾರರು ಈಗ ರೋಗ ತಡೆಯುವ ತಳಿ ನೆಡುತ್ತಿದ್ದಾರೆ, ಸಾಲಿನ ನಡುವೆ ಹುಲ್ಲು, ಹೂಗಿಡ ಬೆಳೆಸುತ್ತಿದ್ದಾರೆ.

ನಮ್ಮ ಕಡೆಯವರಿಗೆ ಒಂದು ಮಾತು: ಪಂಪು ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ತಾಮ್ರ ಮೀನಿಗೆ ವಿಷ.