ಸಾಮ್ರಾಜ್ಞಿ ಯುಜೆನಿಯ ಒಡವೆ: ಸ್ವಂತದ್ದೆಷ್ಟು, ಸರ್ಕಾರದ್ದೆಷ್ಟು?

ಪ್ರಶ್ನೆ: 2025ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಕಳುವಾದ ಆಭರಣಗಳಲ್ಲಿ ಕೆಲವು ಸಾಮ್ರಾಜ್ಞಿ ಯುಜೆನಿಯವು ಎಂದು ಓದಿದೆ. ಪದಚ್ಯುತಿಯ ನಂತರ ಆಕೆಯೇ ತನ್ನ ಒಡವೆಗಳನ್ನು ಲಂಡನ್ನಿನಲ್ಲಿ ಮಾರಿದಳು ಎಂದು ಒಂದೆಡೆ, ಫ್ರಾನ್ಸ್ ಸರ್ಕಾರವೇ ಅವನ್ನು ಹರಾಜು ಹಾಕಿತು ಎಂದು ಇನ್ನೊಂದೆಡೆ ಬರೆದಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಆಕೆಯ ಮೈಮೇಲಿದ್ದ ಒಡವೆಯೆಲ್ಲ ಆಕೆಯದಾಗಿರಲಿಲ್ಲ ಎಂಬುದನ್ನು ಗಮನಿಸದೆ ಬರೆಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಫ್ರಾನ್ಸ್‌ನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನನ್ನು 1853ರ ಜನವರಿಯಲ್ಲಿ ಮದುವೆಯಾದ ಯುಜೆನಿ ಆಸ್ಥಾನದ ಸಮಾರಂಭಗಳಲ್ಲಿ ತೊಡುತ್ತಿದ್ದ ವಜ್ರ, ಮುತ್ತುಗಳಲ್ಲಿ ಬಹುಪಾಲು ರಾಜಭಂಡಾರಕ್ಕೆ, ಅಂದರೆ ರಾಷ್ಟ್ರಕ್ಕೆ ಸೇರಿದ್ದವು. ಹಳೆಯ ಹರಳುಗಳನ್ನೇ ಬಿಚ್ಚಿಸಿ ತನ್ನ ಅಭಿರುಚಿಗೆ ತಕ್ಕಂತೆ ಹೊಸದಾಗಿ ಕಟ್ಟಿಸಿಕೊಳ್ಳುವ ಅವಕಾಶವಿತ್ತೇ ಹೊರತು ಒಡೆತನ ಆಕೆಗೆ ಇರಲಿಲ್ಲ. ಲೆಮೊನಿಯೆ ಎಂಬ ಆಭರಣಕಾರ 1853ರಲ್ಲಿ 212 ಮುತ್ತುಗಳನ್ನೂ ಸುಮಾರು 2,000 ವಜ್ರಗಳನ್ನೂ ಕೂಡಿಸಿ ಮಾಡಿದ ಟಿಯಾರಾ, ಅಂದರೆ ತಲೆಗೆ ತೊಡುವ ಅರ್ಧಕಿರೀಟದಂಥ ಒಡವೆ, ಇಂಥದ್ದು. 1855ರ, ಉಡುಪಿಗೆ ಸಿಕ್ಕಿಸುವ ವಜ್ರದ ದೊಡ್ಡ ಬ್ರೂಚ್ ಕೂಡ ಇಂಥದ್ದೇ.

ಸ್ವಂತದ ಒಡವೆಗಳ ಸಂಗ್ರಹವೇ ಬೇರೆ. ಕಾಂಪಿಯೆನ್ ಅರಣ್ಯದಲ್ಲಿ ವಿಹರಿಸುವಾಗ ಇಬ್ಬನಿ ಹನಿಸಿದ ಮೂರೆಲೆಯ ಹುಲ್ಲನ್ನು ಯುಜೆನಿ ಮೆಚ್ಚಿದಳೆಂದು, ಪಚ್ಚೆಯ ಎಲೆಗಳ ನಡುವೆ ವಜ್ರಗಳು ಇಬ್ಬನಿಯಂತೆ ಹೊಳೆಯುವ ಬ್ರೂಚನ್ನು ಮದುವೆಗೆ ಮುಂಚೆಯೇ ಚಕ್ರವರ್ತಿ ಮಾಡಿಸಿಕೊಟ್ಟನೆಂಬ ಕಥೆಯಿದೆ. ಆಕೆ ಬೇಡವೆಂದ ಒಡವೆಯ ಕಥೆ ನನಗೆ ಇದಕ್ಕಿಂತ ಹೆಚ್ಚು ಪ್ರಿಯ. ಪ್ಯಾರಿಸ್ ನಗರಸಭೆ ಮದುವೆಯ ಉಡುಗೊರೆಯಾಗಿ ವಜ್ರದ ಆಭರಣಗಳಿಗೆಂದು 6 ಲಕ್ಷ ಫ್ರಾಂಕ್ ಮಂಜೂರು ಮಾಡಿದಾಗ, ಆ ಹಣವನ್ನು ಬಡ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಳಸಬೇಕೆಂದು ಯುಜೆನಿ ಕೇಳಿಕೊಂಡಳು. ಹಾಗೆ ಎದ್ದ ಶಾಲೆಯ ಕಟ್ಟಡದ ನಕ್ಷೆಯನ್ನು ವಾಸ್ತುಶಿಲ್ಪಿ ಹಿತಾರ್ಫ್ ಕಂಠಹಾರದ ಆಕಾರದಲ್ಲೇ ರಚಿಸಿದ.

1870ರ ಸೆಪ್ಟೆಂಬರ್ 4ರಂದು ಸಾಮ್ರಾಜ್ಯ ಉರುಳಿ ಆಕೆ ಇಂಗ್ಲೆಂಡಿಗೆ ತಪ್ಪಿಸಿಕೊಂಡಾಗ, ರಾಜಭಂಡಾರದ ಒಡವೆಗಳು ಸಹಜವಾಗಿಯೇ ಫ್ರಾನ್ಸ್‌ನಲ್ಲಿ ಉಳಿದವು. ಸ್ವಂತದವು ಆಸ್ಟ್ರಿಯಾದ ರಾಯಭಾರಿಯ ಪತ್ನಿ ಪೌಲೀನ್ ಮೆಟರ್ನಿಕ್‌ಳ ನೆರವಿನಿಂದ ಲಂಡನ್ ಸೇರಿದವು. ಅವುಗಳಲ್ಲಿ ಒಂದು ಭಾಗವನ್ನು 1872ರ ಜೂನ್‌ನಲ್ಲಿ ಅಲ್ಲಿನ ಹರಾಜು ಸಂಸ್ಥೆ ಕ್ರಿಸ್ಟೀಸ್ ಹರಾಜು ಮಾಡಿತು. ನೀವು ಓದಿದ ಲಂಡನ್ ಮಾರಾಟ ಇದು. ಸರ್ಕಾರದ ಹರಾಜು ನಡೆದದ್ದು 15 ವರ್ಷಗಳ ನಂತರ, 1887ರ ಮೇ ತಿಂಗಳಲ್ಲಿ, ಲೂವ್ರ್‌ನಲ್ಲೇ. ಕಿರೀಟವೇ ಇಲ್ಲದಿದ್ದರೆ ಕಿರೀಟ ಬಯಸುವವರೂ ಇರುವುದಿಲ್ಲ ಎಂಬ ಲೆಕ್ಕಾಚಾರದಲ್ಲಿ ಗಣರಾಜ್ಯವಾದಿಗಳು ರಾಜಭಂಡಾರವನ್ನು ಮಾರಿದರು. ಅಮೆರಿಕದ ಟಿಫನಿ ಸಂಸ್ಥೆ ಅತಿ ಹೆಚ್ಚು ಕೊಂಡಿತು. ಹೀಗೆ ಮಾರಿದ ಮುತ್ತಿನ ಟಿಯಾರಾವನ್ನು 1992ರಲ್ಲಿಯೂ, ದೊಡ್ಡ ಬ್ರೂಚನ್ನು 2008ರಲ್ಲಿ 67 ಲಕ್ಷ ಯೂರೋ ತೆತ್ತೂ ಮರಳಿ ಲೂವ್ರ್‌ಗೆ ತರಬೇಕಾಯಿತು. ಅವಸರದ ಮಾರಾಟಕ್ಕೆ ತೆತ್ತ ದಂಡವೆಂದೇ ಇದನ್ನು ಕರೆಯಬಹುದು.

ಯುಜೆನಿ 1920ರಲ್ಲಿ, 94ನೆಯ ವಯಸ್ಸಿನಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಳ್ಳುವವರೆಗೂ ಕೆಲವು ವಸ್ತುಗಳನ್ನು ಕಾಪಾಡಿಕೊಂಡಿದ್ದಳು. ಮಧ್ಯಯುಗದ ಚಕ್ರವರ್ತಿ ಶಾರ್ಲಮೇನ್‌ನದೆಂದು ನಂಬಲಾದ ನೀಲಮಣಿಯ ತಾಯಿತವನ್ನು ಸಾಯುವ ಹಿಂದಿನ ವರ್ಷ, ಮೊದಲ ಮಹಾಯುದ್ಧದಲ್ಲಿ ಜಖಂಗೊಂಡಿದ್ದ, ಫ್ರಾನ್ಸ್‌ನ ರ್ಯಾನ್ಸ್ ನಗರದ ಕ್ಯಾಥೆಡ್ರಲ್ ಚರ್ಚಿಗೆ ಒಪ್ಪಿಸಿದಳು.

ಇಷ್ಟರಲ್ಲಿ ವಿಚಿತ್ರವಾದದ್ದು ಕಿರೀಟದ ಸಂಗತಿ. 1855ರಲ್ಲಿ ಲೆಮೊನಿಯೆಯೇ ಮಾಡಿದ, 1,354 ವಜ್ರ ಮತ್ತು 56 ಪಚ್ಚೆಗಳ ಈ ಕಿರೀಟ ಅಧಿಕಾರದ ಲಾಂಛನವಾದ್ದರಿಂದ ರಾಷ್ಟ್ರದ್ದೇ ಇರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಅದನ್ನು ಆಕೆಯ ಖಾಸಗಿ ಸೊತ್ತೆಂದು ಒಪ್ಪಿ 1875ರಲ್ಲಿ ಹಿಂದಿರುಗಿಸಲಾಯಿತು. ಮುಂದೆ ಅದು ಉಯಿಲಿನ ಮೂಲಕ ಬೊನಪಾರ್ಟ್ ವಂಶದ ರಾಜಕುಮಾರಿಗೆ ಸೇರಿ, ಕೊನೆಗೆ ಕೊಡುಗೆಯಾಗಿ ಲೂವ್ರ್‌ಗೆ ಬಂತು. 2025ರ ಕಳ್ಳರು ಟಿಯಾರಾ ಮತ್ತು ಎರಡು ಬ್ರೂಚ್‌ಗಳೊಂದಿಗೆ ಅದನ್ನೂ ಎತ್ತಿಕೊಂಡಿದ್ದರು. ಓಡುವ ಗಡಿಬಿಡಿಯಲ್ಲಿ ಅವರ ಕೈಯಿಂದ ಜಾರಿ, ಜಖಂಗೊಂಡು ಹೊರಗೆ ಸಿಕ್ಕದ್ದು ಈ ಕಿರೀಟವೇ.