ಓದಿದಾಗ ತಿಳೀತದ, ಬಾಯಿಗೆ ಬರೂದಿಲ್ಲ: ಇಂಗ್ಲಿಷ್ ಕಲಿಯುವವರ ಪ್ರಶ್ನೆಗಳು

ಪ್ರಶ್ನೆ: ದಿನಾ ಇಪ್ಪತ್ತು ಹೊಸ ಇಂಗ್ಲಿಷ್ ಪದ ನೋಟ್‌ಬುಕ್ಕಿನ್ಯಾಗ ಬರ್ಕೋತೀನಿ, ಎದುರಿಗೆ ಕನ್ನಡ ಅರ್ಥ. ವಾರದಾಗ ಅರ್ಧ ಮರತು ಹೋಗ್ತಾವ. ಓದಿದಾಗ ತಿಳೀತದ, ಮಾತಾಡುವಾಗ ಬಾಯಿಗೆ ಬರೂದಿಲ್ಲ. ಏನ್ ಮಾಡ್ಲಿ?
ಬಿ.ಎ. ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಪ್ಪತ್ತು ಬೇಡ, ಆರೇಳು ಸಾಕು. ಪದವೂ ಅರ್ಥವೂ ಒಂದೇ ಸಾಲಿನಲ್ಲಿದ್ದರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನೆನಪಿಸಿಕೊಳ್ಳುವ ಕೆಲಸ ನಡೆಯುವುದೇ ಇಲ್ಲ, ಆದರೂ ‘ಇದು ಬಂತು’ ಅನಿಸಿಬಿಡುತ್ತದೆ. ನಿಮ್ಮ ಓದಿಗೂ ಮಾತಿಗೂ ನಡುವೆ ಅಂತರ ಬಿದ್ದಿರುವುದು ಇಲ್ಲಿಯೇ.

ದಪ್ಪ ಕಾಗದದ ಚೀಟಿ ಮಾಡಿಕೊಳ್ಳಿ, ಹಳೇ ಲಗ್ನಪತ್ರಿಕೆ ಕತ್ತರಿಸಿದರೂ ನಡೆಯುತ್ತದೆ. ಒಂದು ಬದಿಗೆ ಕನ್ನಡ ವಾಕ್ಯ, ಇನ್ನೊಂದು ಬದಿಗೆ ಇಡೀ ಇಂಗ್ಲಿಷ್ ವಾಕ್ಯ. ಕನ್ನಡ ನೋಡಿ ಇಂಗ್ಲಿಷನ್ನು ಗಟ್ಟಿಯಾಗಿ ಹೇಳಿದ ಮೇಲೆಯೇ ಚೀಟಿ ತಿರುಗಿಸಬೇಕು. ಐದು ಡಬ್ಬಿ ಇಡಿ. ಮೊದಲನೆಯದನ್ನು ದಿನಾ ತೆಗೆಯಿರಿ, ಎರಡನೆಯದನ್ನು 2 ದಿನಕ್ಕೊಮ್ಮೆ, ಮುಂದಿನವನ್ನು 4, 8, 16 ದಿನಕ್ಕೊಮ್ಮೆ. ಸರಿಯಾಗಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಹೋಗಲಿ, ತಪ್ಪಿದ್ದು ಎಲ್ಲಿಂದ ಬಂದರೂ ಮೊದಲನೆಯದಕ್ಕೆ ವಾಪಸ್. ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮವಿದು. ಮೊದಲ ಡಬ್ಬಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಚೀಟಿ ಸೇರಿದ ದಿನ ಹೊಸ ಪದ ಬರೆಯಬೇಡಿ.

ಒಂಟಿ ಪದವನ್ನಂತೂ ಕಲಿಯಲೇಬೇಡಿ. ‘ಮಿಸ್ಟೇಕ್’ ಎಂದಷ್ಟೇ ಕಲಿತವರು ‘ತಪ್ಪು ಮಾಡಿದೆ’ ಎಂಬ ಜಾಡು ಹಿಡಿದು ‘ಡಿಡ್ ಎ ಮಿಸ್ಟೇಕ್’ ಅನ್ನುತ್ತಾರೆ; ಬೇಕಾದದ್ದು ‘ಮೇಡ್ ಎ ಮಿಸ್ಟೇಕ್’. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವ ರೂಢಿಯಿಂದ ‘ಡಿಸ್ಕಸ್ಡ್ ಅಬೌಟ್ ಇಟ್’ ಬರುತ್ತದೆ. ಅಲ್ಲಿ ‘ಅಬೌಟ್’ ಸೇರಬಾರದು. ‘ತೊಗರಿ ಮಳೆಯ ಮೇಲೆ ಅವಲಂಬಿಸಿದೆ’ ಅನ್ನುವವರಿಗೆ ಮಾತ್ರ ‘ಡಿಪೆಂಡ್ಸ್ ಆನ್’ ತಾನಾಗಿಯೇ ಸರಿ ಬರುತ್ತದೆ, ಅದಕ್ಕೆ ಚೀಟಿ ದಂಡ. ಎರಡು ಭಾಷೆಗಳ ಜಾಡು ಬೇರೆಯಾಗುವ ಕಡೆ ನಿಮ್ಮ ಶ್ರಮ ಹೋಗಲಿ.

ಪ್ರಶ್ನೆ: ಬಿದರಿ ಸಾಮಾನಿನ ಅಂಗಡಿಯಲ್ಲಿ ಕೆಲಸ. ಹೊರಗಿನ ಗಿರಾಕಿಗಳಿಗೆ ದರ ಹೇಳುವಷ್ಟು ಇಂಗ್ಲಿಷ್ ಬರುತ್ತದೆ. ಮುಂದೆ ಯಾವ ಪದಗಳನ್ನು ಕಲಿಯಬೇಕು?
ಓದುಗರು, ಬೀದರ

ಉತ್ತರ: ನಿಮ್ಮ ಕಸುಬಿನಿಂದಲೇ ಶುರು ಮಾಡಿ. ಸತು ‘ಝಿಂಕ್’, ತಾಮ್ರ ‘ಕಾಪರ್’, ಎರಡರ ಮಿಶ್ರಲೋಹ ‘ಅಲಾಯ್’. ಗಿರಾಕಿ ಕೇಳುವುದು ‘ಇದನ್ನು ಹೇಗೆ ಮಾಡುತ್ತಾರೆ’ ಎಂದು, ಆದ್ದರಿಂದ ಕೆಲಸದ ಪದಗಳೇ ಮುಖ್ಯ: ಎರಕ ಹೊಯ್ಯುವುದಕ್ಕೆ ‘ಕಾಸ್ಟ್’, ಚಿತ್ತಾರ ಕೊರೆಯುವುದಕ್ಕೆ ‘ಎನ್‌ಗ್ರೇವ್’, ಬೆಳ್ಳಿ ಕೂರಿಸುವುದಕ್ಕೆ ‘ಇನ್‌ಲೇ’, ಕಪ್ಪು ಮಾಡುವುದಕ್ಕೆ ‘ಬ್ಲ್ಯಾಕನ್’. ಮಾಡುವವನನ್ನು ಬಿಟ್ಟು ವಸ್ತುವನ್ನೇ ಮುಂದಿಟ್ಟು ಹೇಳಿ: ‘ಇಟ್ ಈಸ್ ಇನ್‌ಲೇಡ್ ವಿತ್ ಸಿಲ್ವರ್’. ‘ಇನ್‌ಲೇಡ್ ಬೈ ಸಿಲ್ವರ್’ ಅಂದರೆ ಬೆಳ್ಳಿಯೇ ಕುಶಲಕರ್ಮಿ ಎಂದಾಗುತ್ತದೆ. ಬೀದರ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಕಾಯಿಸಿದಾಗ ಲೋಹ ಕಪ್ಪಾಗಿ ಬೆಳ್ಳಿ ಹಾಗೇ ಹೊಳೆಯುವ ಹಂತಕ್ಕೆ ಎರಡು ವಾಕ್ಯ ಸಿದ್ಧ ಮಾಡಿಟ್ಟುಕೊಳ್ಳಿ: ‘ದಿ ಮೆಟಲ್ ಟರ್ನ್ಸ್ ಬ್ಲ್ಯಾಕ್. ದಿ ಸಿಲ್ವರ್ ಸ್ಟೇಸ್ ಬ್ರೈಟ್.’ ಈ ‘ಟರ್ನ್ಸ್’, ‘ಸ್ಟೇಸ್’ ಅಂಗಡಿಯ ಹೊರಗೂ ನೂರು ಕಡೆ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುತ್ತೇನೆ. ಪ್ರತಿ ಪದಕ್ಕೂ ಡಿಕ್ಷನರಿ ನೋಡಬೇಕೇ?
ಓದುಗರು, ಕಲಬುರಗಿ

ಉತ್ತರ: ಬೇಡ. ಮೊದಲು ನೂರು ಪದ ಎಣಿಸಿ ನೋಡಿ. ತಿಳಿಯದವು ಎರಡು ಮೂರಿದ್ದರೆ ಸಲೀಸಾಗಿ ಓದಿ. ಹತ್ತು ದಾಟಿದರೆ ಆ ಲೇಖನ ಸದ್ಯಕ್ಕೆ ಬಿಡಿ, ಜಿಲ್ಲಾ ಸುದ್ದಿ, ಕ್ರೀಡೆಯ ಪುಟ ಹಿಡಿಯಿರಿ. ಎರಡಕ್ಕಿಂತ ಹೆಚ್ಚು ಸಲ ಬಂದ ಪದ, ಇಲ್ಲವೇ ವಾಕ್ಯವನ್ನೇ ಕಟ್ಟಿಹಾಕಿದ ಪದ ಮಾತ್ರ ಡಿಕ್ಷನರಿಗೆ ಹೋಗಲಿ. ಜೊತೆಗೆ ಭಾಷಾತಜ್ಞೆ ಎವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’, ಅಂದರೆ ಶೈಕ್ಷಣಿಕ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿ, ನೋಡಿ. ಅದರಲ್ಲಿ 570 ಪದಕುಟುಂಬಗಳಿವೆ (ಒಂದೇ ಮೂಲದ ಪದಗಳ ಗುಂಪುಗಳು), ‘ಅನಲೈಸ್’, ‘ಪಾಲಿಸಿ’, ‘ಸಿಗ್ನಿಫಿಕಂಟ್’ ಥರದವು. ಹತ್ತು ಉಪಪಟ್ಟಿಗಳಲ್ಲಿ ಮೊದಲನೆಯದರಲ್ಲಿರುವುದು ಅತಿ ಹೆಚ್ಚು ಬಳಕೆಯ ಪದಗಳು, ಅಲ್ಲಿಂದಲೇ ಆರಂಭಿಸಿ. ‘ಅನಲೈಸ್’ ಬರೆಯುವಾಗ ‘ಅನಾಲಿಸಿಸ್’, ‘ಅನಲಿಟಿಕಲ್’ ಕೂಡ ಅದೇ ಚೀಟಿಯ ಮೇಲಿರಲಿ. ಒತ್ತು ಮೂರರಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ಡಿಕ್ಷನರಿಯ ಆ್ಯಪ್‌ನಲ್ಲಿ ಉಚ್ಚಾರ ಕೇಳಿಕೊಂಡೇ ಬರೆಯಿರಿ.